ಅಂಗೈಯೊಳಗಿನ ಯಂತ್ರ ಮತ್ತು ರಣರಂಗದ ಸಾಕ್ಷಿಗಳು

ಕಳೆದ ದೀಪಾವಳಿಯ ಮರುದಿನ ನಾವು ಪರಿಚಿತ ಸದ್ಗೃಹಸ್ಥರೊಬ್ಬರ ಮನೆಗೆ ಹೋಗಿದ್ದೆವು. ಪ್ರಸಾದ ಮುಗಿದ ಮೇಲೆ ಕಾಲೇಜಿನಲ್ಲಿ ಓದುವ ಅವರ ಮಗ ಹೊಸದಾಗಿ ಕೊಂಡ ಸ್ಮಾರ್ಟ್‌ಫೋನನ್ನು ನಮ್ಮ ಕೈಗಿತ್ತು, "ಅಜ್ಜಾರ, ಇದರಾಗ ಕತ್ತಲದಾಗೂ ಫೋಟೊ ಚಲೋ ಬರ್ತಾವ್ರಿ" ಎಂದು ಹಿಗ್ಗಿನಿಂದ ಹೇಳಿದನು. ತಂದೆ ಪಕ್ಕದಲ್ಲಿ ನಿಂತು, "ಹಳೇದು ಇನ್ನೂ ಗಟ್ಟಿ ಇತ್ತರೀ, ಕೇಳಲಿಲ್ಲ" ಎಂದು ಮೆಲ್ಲನೆ ನುಡಿದರು. ಇಂದು ಈ ಎರಡು ಮಾತುಗಳು ಕೇಳಿಬರದ ಮನೆ ವಿರಳ.

ನಾವು ಆ ಬಾಲಕನನ್ನು ಗದರಲಿಲ್ಲ. ಹೊಸ ಯಂತ್ರದ ಆಕರ್ಷಣೆ ಸುಳ್ಳಲ್ಲ. ದೂರದ ಬಂಧುವಿನ ಮುಖ, ಗ್ರಂಥಾಲಯದ ಪುಸ್ತಕ, ಬ್ಯಾಂಕಿನ ವ್ಯವಹಾರ, ಕ್ಯಾಮೆರಾ ಎಲ್ಲವೂ ಒಂದು ಅಂಗೈಯಲ್ಲಿ ಅಡಗಿವೆ. 2007ರಲ್ಲಿ ಐಫೋನ್ ಬಂದ ಮೇಲೆ ವರ್ಷ ವರ್ಷವೂ ಹೊಸ ಮಾದರಿಯನ್ನು ನಿರೀಕ್ಷಿಸುವುದು ಲೋಕಕ್ಕೇ ರೂಢಿಯಾಯಿತು. ಆದರೆ ಇಂಥದೇ ಯಂತ್ರ ಬೇರೊಂದು ಕೈಯಲ್ಲಿ ಯಾವ ಕಾಯಕಕ್ಕೆ ಸಲ್ಲಿತೆಂಬುದನ್ನು ನಮ್ಮ ಮಕ್ಕಳು ಅರಿಯುವುದು ಒಳಿತು.

2022ರ ಫೆಬ್ರವರಿ 24ರಂದು ಉಕ್ರೇನ್ ದೇಶದ ಮೇಲೆ ರಷ್ಯಾದ ಪೂರ್ಣಪ್ರಮಾಣದ ಆಕ್ರಮಣ ಆರಂಭವಾಯಿತು. ಆಗ ನಮ್ಮ ನಾಡಿನ ಎಷ್ಟೋ ತಂದೆತಾಯಿಗಳು ಅಲ್ಲಿ ವೈದ್ಯಕೀಯ ಓದುತ್ತಿದ್ದ ಮಕ್ಕಳ ಕರೆಗಾಗಿ ಫೋನನ್ನು ಎದುರಿಗಿಟ್ಟುಕೊಂಡೇ ರಾತ್ರಿ ಕಳೆದರು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಕನ್ನಡ ನಾಡಿನ ವಿದ್ಯಾರ್ಥಿಯೊಬ್ಬನು ಶೆಲ್ ದಾಳಿಗೆ ಬಲಿಯಾದ ಸುದ್ದಿ ನಮ್ಮೆಲ್ಲರ ಎದೆಯನ್ನು ಕಲಕಿತು.

ಅದೇ ಸಮಯದಲ್ಲಿ ಮರಿಯುಪೋಲ್ ಎಂಬ ಸಮುದ್ರತೀರದ ನಗರವನ್ನು ಸೇನೆ ಮುತ್ತಿತ್ತು. ಅಸೋಸಿಯೇಟೆಡ್ ಪ್ರೆಸ್ ಸಂಸ್ಥೆಗಾಗಿ ದುಡಿಯುತ್ತಿದ್ದ ಮಿಸ್ತಿಸ್ಲಾವ್ ಚೆರ್ನೋವ್, ಯೆವ್ಗೆನಿ ಮಾಲೊಲೆಟ್ಕಾ ಮತ್ತು ವಸಿಲಿಸಾ ಸ್ತೆಪಾನೆಂಕೊ ಎಂಬ ಉಕ್ರೇನಿನ ಪತ್ರಕರ್ತರು ಅಲ್ಲಿ ಉಳಿದರು. ವಿದ್ಯುತ್ ಹೋಯಿತು, ನೀರು ನಿಂತಿತು, ಫೋನಿನ ಸಂಪರ್ಕವೂ ಕಡಿಯಿತು. ಲೂಟಿಯಾದ ಅಂಗಡಿಯೊಂದರ ಹೊರಗೆ ಮಾತ್ರ ಸ್ವಲ್ಪ ಸಿಗ್ನಲ್ ಸಿಗುತ್ತಿದ್ದ ಕೆಲವು ದಿನ, ಅವರು ಅಲ್ಲಿಯ ಮೆಟ್ಟಿಲುಗಳ ಕೆಳಗೆ ಕುಕ್ಕರಿಸಿ ಚಿತ್ರಗಳನ್ನು ಲೋಕಕ್ಕೆ ಕಳುಹಿಸಿದರು. ಹಾದಿಯಲ್ಲಿ ಕಂಡ ಜನ, "ನಮ್ಮನ್ನೂ ಚಿತ್ರಿಸಿರಿ, ನಾವು ಬದುಕಿದ್ದೇವೆಂದು ನಮ್ಮವರಿಗೆ ತಿಳಿಯಲಿ" ಎಂದು ಬೇಡುತ್ತಿದ್ದರಂತೆ.

ಮಾರ್ಚ್ 9ರಂದು ಅಲ್ಲಿನ ಹೆರಿಗೆ ಆಸ್ಪತ್ರೆಯ ಮೇಲೆ ಬಾಂಬು ಬಿದ್ದಿತು. ತುಂಬು ಗರ್ಭಿಣಿಯೊಬ್ಬಳನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ಯುವ ದೃಶ್ಯ ಈ ಪತ್ರಕರ್ತರ ಕ್ಯಾಮೆರಾದಿಂದಲೇ ಜಗತ್ತಿಗೆ ತಲುಪಿತು. ರಷ್ಯಾದ ಅಧಿಕಾರಿಗಳು ಅದನ್ನು ನಟನೆಯೆಂದರು. ಆದರೆ ಪತ್ರಕರ್ತರು ಗಾಯಾಳುಗಳನ್ನು ಹುಡುಕಿ ಹೋದರು. ಆ ತಾಯಿಯೂ ಅವಳ ಶಿಶುವೂ ಉಳಿಯಲಿಲ್ಲವೆಂಬ ಸತ್ಯ ಹೊರಬಂದಿತು. ಅಂದು ಅವರು ಇಲ್ಲದೆ ಹೋಗಿದ್ದರೆ ಸತ್ತವರ ಮೇಲೆಯೇ ಸುಳ್ಳಿನ ಆರೋಪ ನಿಂತುಬಿಡುತ್ತಿತ್ತು. ಈ ತಂಡದ ಕಾರ್ಯಕ್ಕೆ 2023ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ, ಚೆರ್ನೋವ್ ನಿರ್ದೇಶಿಸಿದ ಸಾಕ್ಷ್ಯಚಿತ್ರಕ್ಕೆ 2024ರಲ್ಲಿ ಆಸ್ಕರ್ ಪ್ರಶಸ್ತಿಯೂ ಸಂದವು.

ಎಲ್ಲರೂ ಹಿಂದಿರುಗಿ ಬರುವುದಿಲ್ಲ. ಅಮೆರಿಕದ ಮೇರಿ ಕಾಲ್ವಿನ್ 2012ರಲ್ಲಿ ಸಿರಿಯಾದ ಹೋಮ್ಸ್ ನಗರದಲ್ಲಿ ಮಡಿದರು. ಅದಕ್ಕೂ ಮುನ್ನ ಶ್ರೀಲಂಕಾದ ಯುದ್ಧಭೂಮಿಯಲ್ಲಿ ಅವರು ಒಂದು ಕಣ್ಣನ್ನೇ ಕಳೆದುಕೊಂಡಿದ್ದರು. ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರ ಪುಲಿಟ್ಜರ್ ಪಡೆದ ರಾಯಿಟರ್ಸ್ ತಂಡದಲ್ಲಿದ್ದ ನಮ್ಮ ದೆಹಲಿಯ ದಾನಿಶ್ ಸಿದ್ದಿಕಿ, 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೊಲ್ದಾಕ್ ಬಳಿ ಹತರಾದರು. ಪ್ಯಾಲೆಸ್ತೀನಿನ ಶಿರೀನ್ ಅಬು ಅಕ್ಲೆ 2022ರ ಮೇ 11ರಂದು ಜೆನಿನ್‌ನಲ್ಲಿ ಗುಂಡಿಗೆ ಬಲಿಯಾದರು. 'ಪ್ರೆಸ್' ಎಂದು ಬರೆದ ಅಂಗಿಯೂ ಅವರನ್ನು ಕಾಯಲಿಲ್ಲ. ಇವರಾರೂ ಶಸ್ತ್ರ ಹಿಡಿದವರಲ್ಲ. ಕಂಡದ್ದನ್ನು ಕಂಡಂತೆ ಹೇಳುವುದನ್ನೇ ಕಾಯಕವಾಗಿಸಿಕೊಂಡವರು.

ಯುದ್ಧಕ್ಕೂ ನಮ್ಮ ಜೇಬಿನ ಫೋನಿಗೂ ಇನ್ನೊಂದು ನಂಟಿದೆ. ಫೋನಿನ ಒಳಗಣ ಅತಿ ಸಣ್ಣ ಬಿಡಿಭಾಗಗಳಿಗೆ ಟ್ಯಾಂಟಲಮ್ ಎಂಬ ಲೋಹ ಬೇಕು. ಅದು ದೊರೆಯುವ ಕೊಲ್ಟಾನ್ ಅದಿರಿನ ಬಹುಭಾಗ ಆಫ್ರಿಕದ ಕಾಂಗೋ ಮತ್ತು ಅದರ ನೆರೆಯ ಪ್ರದೇಶಗಳಿಂದ ಬರುತ್ತದೆ. ಪೂರ್ವ ಕಾಂಗೋದಲ್ಲಿ ಸಶಸ್ತ್ರ ಗುಂಪುಗಳು ಇಂಥ ಗಣಿಗಳ ಹಣದಿಂದಲೇ ಕಾದಾಟ ನಡೆಸಿವೆ. ಈ ಕಾರಣಕ್ಕಾಗಿಯೇ 2010ರಲ್ಲಿ ಅಮೆರಿಕವು ಇಂಥ ಖನಿಜಗಳ ಮೂಲವನ್ನು ಕಂಪನಿಗಳು ಪ್ರಕಟಿಸಬೇಕೆಂಬ ಕಾನೂನನ್ನು ಮಾಡಿತು. ಈ ಸಂಗತಿಯನ್ನು ನಮಗೆ ತಿಳಿಸಿದವರಲ್ಲಿಯೂ ಆ ಗಣಿಗಳವರೆಗೆ ನಡೆದುಹೋದ ಪತ್ರಕರ್ತರಿದ್ದಾರೆ.

ಹಾಗಾದರೆ ಗೃಹಸ್ಥರಾದವರು ಮಾಡಬೇಕಾದುದೇನು? ಫೋನನ್ನು ತ್ಯಜಿಸಬೇಕೆಂದು ನಾವು ಹೇಳೆವು. ಇರುವ ಫೋನು ಕೆಲಸ ಮಾಡುವವರೆಗೆ ಅದನ್ನೇ ಬಳಸೋಣ. ಕೆಟ್ಟರೆ ಮೊದಲು ರಿಪೇರಿಗೆ ಕೊಡೋಣ. ಯುದ್ಧದ ದೃಶ್ಯವೊಂದು ವಾಟ್ಸಾಪಿನಲ್ಲಿ ಬಂದೊಡನೆ ಹತ್ತು ಜನರಿಗೆ ದಾಟಿಸದೆ, ಇದು ಎಲ್ಲಿಯದು, ಎಂದಿನದು, ಯಾರು ಕಂಡು ಹೇಳಿದ್ದು ಎಂದು ವಿಚಾರಿಸೋಣ. ಒಬ್ಬರು ಪ್ರಾಣವನ್ನು ಪಣಕ್ಕಿಟ್ಟು ತಂದ ಸತ್ಯದ ಪಕ್ಕದಲ್ಲಿ ನಾವು ಬೆರಳ ತುದಿಯಿಂದ ಸುಳ್ಳನ್ನು ಹರಡಿದರೆ ಅದು ಅವರಿಗೆ ಬಗೆಯುವ ದ್ರೋಹವಾದೀತು. ಮನೆಗೊಂದು ಒಳ್ಳೆಯ ಪತ್ರಿಕೆಯನ್ನು ಹಣ ಕೊಟ್ಟು ತರಿಸುವುದೂ ಆ ಸತ್ಯಕ್ಕೆ ನಾವು ಸಲ್ಲಿಸಬಹುದಾದ ಸಣ್ಣ ಸೇವೆಯೇ ಸರಿ.

ಮರಿಯುಪೋಲಿನ ಕಥೆಯನ್ನು ನಾವು ಅಂದು ಆ ಬಾಲಕನಿಗೆ ಹೇಳಿದೆವು. ಆತ ಬಹಳ ಹೊತ್ತು ಸುಮ್ಮನಿದ್ದು, "ಅವರ ಹತ್ರ ಯಾವ ಫೋನಿತ್ತರೀ?" ಎಂದು ಕೇಳಿದನು. ಯಾವುದಿದ್ದರೇನಪ್ಪಾ, ಹಿಡಿದ ಕೈ ನಡುಗಲಿಲ್ಲ ಎಂದೆವು. ನಮ್ಮ ಮಕ್ಕಳ ಕೈಗೂ ಅಂಥ ದೃಢತೆ ಬರಲೆಂದು ಹಾರೈಸುತ್ತೇವೆ.