ಅರ್ಧ ಬೆಳಗಿದ ಚಿತ್ರ

ಮದುವೆಯ ವಿಡಿಯೋ ನೋಡುವಾಗ ವಾಚಕರು ಒಂದು ವಿಚಿತ್ರವನ್ನು ಕಂಡಿರಬಹುದು. ಧಾರೆಯ ಹೊತ್ತಿಗೆ ಫೋಟೋದವರ ಫ್ಲ್ಯಾಷ್ ಮಿಂಚಿತೆನ್ನಿ. ಚಿತ್ರದ ಅರ್ಧ ಭಾಗ ಬೆಳ್ಳಗಾಗಿ, ಉಳಿದರ್ಧ ಮೊದಲಿನಂತೆಯೇ ಇರುತ್ತದೆ. ದೀಪಾವಳಿಯ ಬಾಣಬಿರುಸನ್ನು ಹಿಡಿದರೆ, ಕಣ್ಣಿಗೆ ಕೆಂಪಾಗಿ ಕಂಡ ಬೆಂಕಿಯ ಹೂವು ಪರದೆಯ ಮೇಲೆ ಬರಿಯ ಬಿಳಿ. ಕ್ಯಾಮೆರಾ ಕೆಟ್ಟಿತೆಂದು ಬಗೆದು, ಮತ್ತೆ ಬಾರದ ದೃಶ್ಯವನ್ನು ಅಳಿಸಿಬಿಡುವವರೂ ಉಂಟು. ಹಾಗೆ ಮಾಡುವ ಮುನ್ನ ಕಾರಣವನ್ನು ತುಸು ವಿಚಾರಿಸೋಣ.

ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಮೊಬೈಲುಗಳಲ್ಲಿಯೂ ಬಹುಮಟ್ಟಿಗೆ ಇರುವುದು ಸೀಮಾಸ್ ಎಂಬ ಬಗೆಯ ಸೆನ್ಸರ್. ಸಾಮಾನ್ಯವಾಗಿ ಅದು ಇಡೀ ಚಿತ್ರವನ್ನು ಒಂದೇ ಸಲಕ್ಕೆ ಗ್ರಹಿಸುವುದಿಲ್ಲ. ನಾವು ಪುಟವನ್ನು ಓದುವಂತೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಇಳಿಯುತ್ತ ಹೋಗುತ್ತದೆ. ಫ್ಲ್ಯಾಷಿನ ಬೆಳಕಾದರೋ ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಬಾಳುವಂಥದು. ಅದು ಮಿಂಚಿದ ಕ್ಷಣದಲ್ಲಿ ಯಾವ ಸಾಲುಗಳು ಬೆಳಕಿಗೆ ತೆರೆದಿದ್ದವೋ ಅವಷ್ಟೇ ಬೆಳಗುತ್ತವೆ. ಆಕಾಶದ ಮಿಂಚಿನ ಚಿತ್ರವೂ ಕೆಲವೊಮ್ಮೆ ತುಂಡಾಗಿ ಬರುವುದು ಇದರಿಂದಲೇ. ಅದು ಪವಾಡವೂ ಅಲ್ಲ, ಕೃತ್ರಿಮವೂ ಅಲ್ಲ.

ಇದಕ್ಕೆ ಪರಿಹಾರವುಂಟು. ಸೆಕೆಂಡಿಗೆ 25 ಚಿತ್ರಗಳಂತೆ ಹಿಡಿಯುವಾಗ ಷಟರ್ ವೇಗವನ್ನು 1/500 ಸೆಕೆಂಡಿಗೆ ಇಟ್ಟರೆ ಬಿಳಿಯ ಪಟ್ಟಿ ಕಿರಿದಾಗುತ್ತದೆ. 1/25ಕ್ಕೆ ಇಳಿಸಿದರೆ ಬೆಳಕು ಯಾವ ಸಾಲಿಗೂ ತಪ್ಪದು: ಒಂದು ಚಿತ್ರದ ಕೆಳಭಾಗವೂ ಮರುಚಿತ್ರದ ಮೇಲ್ಭಾಗವೂ ಬೆಳಗುತ್ತವೆ. ಆದರೆ ಚಲಿಸುವ ವಸ್ತುಗಳು ಆಗ ತುಸು ಮಸುಕಾದಾವು. ಈಗಾಗಲೇ ಹಿಡಿದ ದೃಶ್ಯವಾದರೆ, ಸಂಕಲನ ಮಾಡುವವರು ಆ ಒಂದೆರಡು ಚಿತ್ರಗಳನ್ನು ತೆಗೆದು, ಪಕ್ಕದ ಚಿತ್ರವನ್ನೇ ಅಲ್ಲಿ ಕೂರಿಸಬಲ್ಲರು.

ಬಾಣಬಿರುಸಿನ ಸಂಗತಿ ಬೇರೆ. ಅದರ ಕಿಡಿಗಳು ಸೆಕೆಂಡಿಗೂ ಹೆಚ್ಚು ಹೊತ್ತು ಉರಿಯುವುದರಿಂದ ಚಿತ್ರ ತುಂಡಾಗದು. ಬಣ್ಣ ಮಾತ್ರ ಕೆಡುತ್ತದೆ. ಕೆಂಪು ಬರುವುದು ಸ್ಟ್ರಾನ್ಷಿಯಂ ಲವಣಗಳಿಂದ, ಹಸಿರು ಬೇರಿಯಂನಿಂದ, ನೀಲಿ ತಾಮ್ರದಿಂದ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ, ಕತ್ತಲೆಯ ಆಕಾಶವನ್ನು ಕಂಡು ತನ್ನ ಸೂಕ್ಷ್ಮತೆಯನ್ನು ಹೆಚ್ಚಿಸಿಕೊಳ್ಳುತ್ತದೆ. ಬಾಣ ಸಿಡಿದಾಗ ಬೆಳಕು ಮಿತಿಮೀರಿ ಎಲ್ಲ ಬಣ್ಣವೂ ಬಿಳಿಯಾಗುತ್ತದೆ. ಆದುದರಿಂದ ಸ್ವಯಂಚಾಲಿತ ಹೊಂದಿಕೆಯನ್ನು ನಿಲ್ಲಿಸಿ, ಐಎಸ್ಓ ಸಂಖ್ಯೆಯನ್ನು ತಗ್ಗಿಸಿ, ಫೋಕಸನ್ನು ದೂರಕ್ಕೆ ನಿಲ್ಲಿಸಿ, ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಡಿ. ಆಕಾಶ ಕಪ್ಪಾಗಿ ಕಂಡರೆ ಅಂಜಬೇಡಿ. ಹಿನ್ನೆಲೆ ಕಪ್ಪಾದಷ್ಟೂ ಹೂವಿನ ಬಣ್ಣ ನಿಲ್ಲುತ್ತದೆ.