ಒಂದು ಮೇಜು, ಎರಡು ಲ್ಯಾಪ್‌ಟಾಪ್

ನಮ್ಮ ಮನೆಯಲ್ಲಿ ಕಂಪ್ಯೂಟರ್ ಇಡಲು ಇರುವುದು ಒಂದೇ ಮೇಜು. ಅದರ ಮೇಲೆ 24 ಇಂಚಿನ ಒಂದು ಮಾನಿಟರ್, ಒಂದು ಕೀಬೋರ್ಡ್, ಒಂದು ಮೌಸ್. ಪಾಲುದಾರರು ಮಾತ್ರ ಮೂವರು. ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಸೊಸೆಗೆ ಕಂಪನಿ ಕೊಟ್ಟ ಲ್ಯಾಪ್‌ಟಾಪ್. ಪಿಯುಸಿ ಓದುವ ಮೊಮ್ಮಗಳಿಗೂ ನನಗೂ ಸೇರಿ ಮನೆಯದೊಂದು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೂ ಸಣ್ಣ ಪರದೆಯಲ್ಲಿ ಕನ್ನಡದ ಒತ್ತಕ್ಷರ ಓದುವುದು ನನಗೆ ಕಷ್ಟ. ದೊಡ್ಡದು ಬೇಕೇ ಬೇಕು.

ಹೀಗಾಗಿ ದಿನಕ್ಕೆ ನಾಲ್ಕೈದು ಸಲ ಕೇಬಲ್ ಕಿತ್ತು ಇನ್ನೊಂದಕ್ಕೆ ಸಿಕ್ಕಿಸುವುದು ನಡೆದೇ ಇತ್ತು. ಒಂದು ಬೆಳಿಗ್ಗೆ ಸೊಸೆಯ ಲ್ಯಾಪ್‌ಟಾಪಿನ ಎಚ್‌ಡಿಎಂಐ ಕಿಂಡಿ ಸಡಿಲವಾಗಿ ಮಾನಿಟರಿನ ಚಿತ್ರ ಬಂದು ಹೋಗಿ ಮಾಡತೊಡಗಿತು. "ಮಾವ, ಇದು ಆಫೀಸಿನದು. ಕೆಟ್ಟರೆ ನಾನು ಉತ್ತರ ಹೇಳಬೇಕು" ಎಂದಳು. ಹಿಂದಿನ ರಾತ್ರಿ ಕೇಬಲನ್ನು ಅಡ್ಡಡ್ಡ ಎಳೆದವನು ನಾನೇ. ಒಪ್ಪಿಕೊಂಡೆ.

ಅಂದೇ ಅಂಗಡಿಗೆ ಹೋಗಿ, "ಎರಡು ಕಡೆಗೆ ಹಂಚುವ ಎಚ್‌ಡಿಎಂಐ ಡಬ್ಬಿ ಕೊಡಿ" ಎಂದೆ. ಕೊಟ್ಟರು. ಮನೆಗೆ ತಂದರೆ ಅದು ಸ್ಪ್ಲಿಟರ್! ಒಂದು ಲ್ಯಾಪ್‌ಟಾಪಿನ ಚಿತ್ರವನ್ನು ಎರಡು ಮಾನಿಟರುಗಳಿಗೆ ಕಳಿಸುವಂಥದ್ದು. ನಮಗೆ ಬೇಕಾದದ್ದು ಅದರ ತದ್ವಿರುದ್ಧ, ಸ್ವಿಚ್. ಅಂಗಡಿಯವನ ತಪ್ಪಿಲ್ಲ, ನಾನು ಕೇಳಿದ್ದೇ ಹಾಗೆ. ಮೊಮ್ಮಗಳು ಮಾನಿಟರಿನ ಬೆನ್ನು ತಿರುಗಿಸಿ, "ತಾತ, ಇಲ್ಲೇ ಎರಡು ಕಿಂಡಿ ಇವೆಯಲ್ಲ!" ಎಂದಳು. ಇನ್ನೊಂದು ಕೇಬಲ್ ಸಾಕಾಯಿತು. ಎರಡೂ ಲ್ಯಾಪ್‌ಟಾಪ್ ಸದಾ ಸಿಕ್ಕಿಸಿಯೇ ಇರುತ್ತವೆ. ಯಾವುದು ಕಾಣಬೇಕೋ ಅದನ್ನು ಮಾನಿಟರಿನ ಗುಂಡಿಯಿಂದ ಆರಿಸಬಹುದು. ನೀವೂ ಪೇಟೆಗೆ ಹೊರಡುವ ಮುನ್ನ ಒಮ್ಮೆ ಮಾನಿಟರಿನ ಹಿಂಬದಿ ನೋಡಿ.

ಸೊಸೆಯ ಲ್ಯಾಪ್‌ಟಾಪಿನ ಸಡಿಲ ಕಿಂಡಿಗೆ ಬಿಡುವು ಕೊಟ್ಟು ಟೈಪ್-ಸಿ ಕಿಂಡಿಯಿಂದ ಚಿತ್ರ ತೆಗೆದೆವು. ಎಲ್ಲ ಟೈಪ್-ಸಿ ಕಿಂಡಿಗಳೂ ಚಿತ್ರ ಕಳಿಸುವುದಿಲ್ಲ, ಕೆಲವು ಚಾರ್ಜಿಗೂ ಫೈಲುಗಳಿಗೂ ಮಾತ್ರ. ನೋಡಲು ಎಲ್ಲವೂ ಒಂದೇ ಥರ. ಲ್ಯಾಪ್‌ಟಾಪಿನ ವಿವರಪುಸ್ತಿಕೆಯಲ್ಲಿ 'ಡಿಸ್‌ಪ್ಲೇಪೋರ್ಟ್' ಎಂದಿದೆಯೇ ಎಂದು ನೋಡಿಯೇ ಕೇಬಲ್ ಕೊಳ್ಳಬೇಕು.

ಉಳಿದದ್ದು ಕೀಬೋರ್ಡ್ ಮತ್ತು ಮೌಸ್. ಒಂದೇ ಮೌಸನ್ನು ಎರಡು ಕಂಪ್ಯೂಟರುಗಳ ನಡುವೆ ಓಡಾಡಿಸುವ ತಂತ್ರಾಂಶಗಳಿವೆ. ಮೈಕ್ರೋಸಾಫ್ಟಿನ 'ಮೌಸ್ ವಿತೌಟ್ ಬಾರ್ಡರ್ಸ್' ಪುಕ್ಕಟೆ. ಆದರೆ ಆಫೀಸಿನ ಲ್ಯಾಪ್‌ಟಾಪಿಗೆ ಹೊರಗಿನದೇನನ್ನೂ ಹಾಕುವಂತಿಲ್ಲ ಎಂದಳು ಸೊಸೆ. ನ್ಯಾಯವೇ. ಬ್ಯಾಂಕಿನ ಸ್ಟ್ರಾಂಗ್ ರೂಮಿನ ಬೀಗದ ಕೈ ಇಬ್ಬರ ಬಳಿ ಇರುತ್ತಿದ್ದ ಕಾಲದವನು ನಾನು, ವಾದಿಸಲಿಲ್ಲ. ಒಂದು ಯುಎಸ್‌ಬಿ ಸ್ವಿಚ್ ತಂದೆ. ಕೀಬೋರ್ಡು, ಮೌಸು ಆ ಡಬ್ಬಿಗೆ. ಡಬ್ಬಿಯಿಂದ ಎರಡು ಕೇಬಲ್ ಎರಡು ಲ್ಯಾಪ್‌ಟಾಪಿಗೆ. ಗುಂಡಿ ಒತ್ತಿದರೆ ಎರಡೂ ಆಚೆಯಿಂದ ಈಚೆಗೆ.

ಎರಡು ವಾರ ಸುಖವಾಗಿದ್ದೆವು. ಒಂದು ಮಧ್ಯಾಹ್ನ ಸೊಸೆ ಊಟಕ್ಕೆ ಎದ್ದಾಗ ನಾನು ಕುಳಿತು ಲೇಖನವೊಂದನ್ನು ಬರೆಯುತ್ತಿದ್ದೆ. ಅವಳು ಬಂದಳು, ಮಾನಿಟರಿನ ಗುಂಡಿ ಒತ್ತಿ ಎದ್ದೆ. ಯುಎಸ್‌ಬಿ ಗುಂಡಿ ಮರೆತೇಹೋಯಿತು. ಎದುರಿಗೆ ಅವಳದೇ ಪರದೆ ಇತ್ತಲ್ಲ, ಪಾಸ್‌ವರ್ಡ್ ಒತ್ತಿದಳು. ಏನೂ ಆಗಲಿಲ್ಲ. ಮತ್ತೊಮ್ಮೆ ಒತ್ತಿದಳು. "ಮಾವ, ಕೀಬೋರ್ಡ್ ಸತ್ತುಹೋಗಿದೆ."

ಸತ್ತಿರಲಿಲ್ಲ. ಸಂಜೆ ನನ್ನ ಲೇಖನ ತೆರೆದರೆ ಮೂರನೆಯ ಸಾಲಿನ ನಡುವೆ ಯಾವ ಭಾಷೆಯದೂ ಅಲ್ಲದ ಎರಡು ಕನ್ನಡ ಪದಗಳು! ಕೀಬೋರ್ಡ್ ಹೇಳುವುದು ಯಾವ ಕೀಲಿ ಒತ್ತಿದರೆಂದಷ್ಟೇ. ಅದು ಕನ್ನಡವೋ ಇಂಗ್ಲಿಷೋ ಎಂದು ತೀರ್ಮಾನಿಸುವುದು ಲ್ಯಾಪ್‌ಟಾಪಿನ ಒಳಗೆ. ಮನೆಯ ಲ್ಯಾಪ್‌ಟಾಪಿನಲ್ಲಿ ಕನ್ನಡ ಇತ್ತು. ನಾನು ಬಳಸುವ ಕೆ.ಪಿ. ರಾವ್ ವಿನ್ಯಾಸದಲ್ಲಿ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷ್ ಉಚ್ಚಾರದ ಕೀಲಿಗಳಲ್ಲೇ ಕೂತಿರುವುದರಿಂದ, ಮೊಮ್ಮಗಳು ಒಂದು ನಿಮಿಷದಲ್ಲಿ ಹಿಂದಕ್ಕೆ ಬಿಡಿಸಿ, "ಅಮ್ಮಾ, ನಿನ್ನ ಪಾಸ್‌ವರ್ಡ್ ಇದೇನಾ?" ಎಂದಳು.

ಸೊಸೆಯ ಮುಖ ಬಿಳುಪೇರಿತು. ಆ ಲೇಖನವನ್ನು ನಾನು ಗಮನಿಸದೆ ಪತ್ರಿಕೆಗೆ ಕಳಿಸಿಬಿಟ್ಟಿದ್ದರೆ? ಅವಳು ಕೂಡಲೇ ಪಾಸ್‌ವರ್ಡ್ ಬದಲಿಸಿದಳು. ಮಾರನೆಯ ದಿನ ಆಫೀಸಿನಲ್ಲಿ ಅದನ್ನೂ ಸಡಿಲ ಕಿಂಡಿಯ ವಿಷಯವನ್ನೂ ಹೇಳಿ ಬಂದಳು.

ಕೊನೆಗೆ ಕೆವಿಎಂ ಸ್ವಿಚ್ ತಂದೆವು. ಕೀಬೋರ್ಡ್, ವಿಡಿಯೋ, ಮೌಸ್ ಎಂಬುದರ ಮೊದಲಕ್ಷರಗಳವು. ಒಂದೇ ಗುಂಡಿಗೆ ಮೂರೂ ಒಟ್ಟಿಗೆ ಬದಲಾಗುತ್ತವೆ. ಪರದೆ ಒಬ್ಬರದು, ಕೀಬೋರ್ಡ್ ಇನ್ನೊಬ್ಬರದು ಎಂಬ ಪ್ರಶ್ನೆ ಇಲ್ಲ. ಬೆಲೆ ಹೆಚ್ಚೇ. ನಿಮ್ಮ ಮಾನಿಟರಿನ ಪೂರ್ಣ ರೆಸಲ್ಯೂಷನ್ ಕೊಡುತ್ತದೆಯೇ ಎಂದು ಕೇಳಿಯೇ ಕೊಳ್ಳಿ, ಇಲ್ಲದಿದ್ದರೆ ಅಕ್ಷರ ಮಸುಕಾಗುತ್ತದೆ. ಡಬ್ಬಿಯ ಮೇಲೆ ಮೊಮ್ಮಗಳು ಎರಡು ಚೀಟಿ ಅಂಟಿಸಿದ್ದಾಳೆ: ಕೆಂಪು 'ಆಫೀಸು', ಹಸಿರು 'ಮನೆ'. ಸ್ಪ್ಲಿಟರೂ ಯುಎಸ್‌ಬಿ ಸ್ವಿಚ್ಚೂ ಮೇಜಿನ ಡ್ರಾಯರಿನಲ್ಲಿವೆ. ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ.