ವಿಮಾನದ ಗಾಜಿಗೆ ಉಸಿರು ಕಟ್ಟಿದಾಗ

ಅಮೆರಿಕದಲ್ಲಿ ಮನೆಯ ಗ್ಯಾರೇಜಿನಲ್ಲೇ ವಿಮಾನ ಕಟ್ಟಿ ಹಾರಿಸುವವರಿದ್ದಾರೆ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಕಲಿಕೆಗಾಗಿಯೋ ಸಂತೋಷಕ್ಕಾಗಿಯೋ ಮಾಡಿದ್ದರೆ, ಅಂತಹ ವಿಮಾನವನ್ನು ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ನೋಂದಾಯಿಸಲು ಅಲ್ಲಿನ ಕಾನೂನು ಅವಕಾಶ ಕೊಡುತ್ತದೆ. ಒರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ‘ಆರ್‌ವಿ’ ಕಿಟ್‌ಗಳಿಂದ ಕಟ್ಟಿದ ವಿಮಾನಗಳೇ ಹತ್ತು ಸಾವಿರಕ್ಕೂ ಹೆಚ್ಚು ಹಾರಿವೆ. ಇವುಗಳಲ್ಲಿ ಅನೇಕವು ಇಬ್ಬರು ಕೂರುವ ಪುಟ್ಟ ವಿಮಾನಗಳು. ತಲೆಯ ಮೇಲೆ ಗುಳ್ಳೆಯಂತೆ ಬಾಗಿದ ಪಾರದರ್ಶಕ ಹೊದಿಕೆ ಇರುತ್ತದೆ. ಅದಕ್ಕೇ ಕ್ಯಾನೊಪಿ ಎನ್ನುವುದು.

ಕ್ಯಾನೊಪಿಯಿಂದ ಸುತ್ತಲೂ ಚೆನ್ನಾಗಿ ಕಾಣುತ್ತದೆ, ಆದರೆ ಚಳಿಗಾಲದ ಬೆಳಿಗ್ಗೆ ಅದೇ ಹೊದಿಕೆ ಒಳಗಿನಿಂದ ಬೆಳ್ಳಗೆ ಮಂಜಾಗಿಬಿಡುತ್ತದೆ. ಕಾರಿನಲ್ಲಾದರೆ ರಸ್ತೆ ಬದಿಗೆ ನಿಲ್ಲಿಸಿ ಒರೆಸಬಹುದು. ನೆಲ ಬಿಟ್ಟ ವಿಮಾನವನ್ನು ಎಲ್ಲಿ ನಿಲ್ಲಿಸುವುದು? ಇಂತಹ ಸಣ್ಣ ವಿಮಾನಗಳಲ್ಲಿ ಎದುರು ಬರುವ ವಿಮಾನವನ್ನೂ ಇಳಿಯುವ ರನ್‌ವೇಯನ್ನೂ ಪೈಲಟ್ ಕಣ್ಣಿನಿಂದಲೇ ನೋಡಬೇಕು.

ಈ ಮಂಜು ಎಲ್ಲಿಂದ ಬರುತ್ತದೆ? ಬಹುಪಾಲು ಒಳಗೆ ಕುಳಿತವರ ಉಸಿರಿನಿಂದ. ಸುಮ್ಮನೆ ಕುಳಿತ ಮನುಷ್ಯ ನಿಮಿಷಕ್ಕೆ ಸುಮಾರು 7 ಲೀಟರ್ ಗಾಳಿ ಉಸಿರಾಡುತ್ತಾನೆ. ಇಬ್ಬರಿಗೆ ಹತ್ತು ನಿಮಿಷಕ್ಕೆ 140 ಲೀಟರ್ ಆಯಿತು. ಹೊರಬಿಟ್ಟ ಉಸಿರು ಸುಮಾರು 34 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದು, ನೀರಾವಿಯಿಂದ ತುಂಬಿರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಲೆಕ್ಕ ಹಾಕಿದರೆ ಹತ್ತು ನಿಮಿಷದಲ್ಲಿ ಸುಮಾರು 5 ಗ್ರಾಂ ನೀರು ಕಾಕ್‌ಪಿಟ್ಟಿಗೆ ಸೇರುತ್ತದೆ. ಆದರೆ 0 ಡಿಗ್ರಿಯ ಒಂದು ಘನ ಮೀಟರ್ ಗಾಳಿಗೆ 4.8 ಗ್ರಾಂಗಿಂತ ಹೆಚ್ಚು ನೀರಾವಿ ಹಿಡಿಸುವುದಿಲ್ಲ. ತಣ್ಣಗಿನ ಕ್ಯಾನೊಪಿಗೆ ತಾಗಿದ ಗಾಳಿ ತನ್ನ ಹೆಚ್ಚುವರಿ ನೀರನ್ನು ಅಲ್ಲೇ ಬಿಟ್ಟುಹೋಗುತ್ತದೆ. ಮೇಲ್ಮೈ ಇನ್ನೂ ತಣ್ಣಗಿದ್ದರೆ ಆ ನೀರು ಹೆಪ್ಪುಗಟ್ಟಿ ಹಿಮದ ಪದರವಾಗುತ್ತದೆ.

ಹಾಗಾದರೆ ದಾರಿ ಎರಡೇ. ಗಾಜನ್ನು ಬೆಚ್ಚಗೆ ಮಾಡಬೇಕು, ಇಲ್ಲವೇ ಅದಕ್ಕೆ ತಾಗುವ ಗಾಳಿಯನ್ನು ಒಣಗಿಸಬೇಕು. (‘ಗಾಜು’ ಎಂಬುದು ರೂಢಿಯ ಮಾತು. ಕ್ಯಾನೊಪಿ ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್.) ಕಾರಿನ ಹಿಂದಿನ ಗಾಜಿನಲ್ಲಿರುವಂತೆ ಬಿಸಿಯಾಗುವ ತಂತಿ ಎಳೆದರೆ ಆಗದೇ ಎಂದು ನೀವು ಕೇಳಬಹುದು. ಅಕ್ರಿಲಿಕ್ ಶಾಖವನ್ನು ತೀರಾ ಕಡಿಮೆ ಹರಿಯಬಿಡುವ ವಸ್ತು. ತಂತಿಯ ಪಕ್ಕದಲ್ಲಿ ಮಾತ್ರ ಕಾದು ಉಳಿದದ್ದು ತಣ್ಣಗೇ ಉಳಿದೀತು.

ಅದಕ್ಕೆ ಕಟ್ಟುವವರಲ್ಲಿ ಬಹಳ ಮಂದಿ ಹಿಡಿದ ಉಪಾಯ ನಮ್ಮ ಕಂಪ್ಯೂಟರ್ ಲ್ಯಾಬಿನಲ್ಲೇ ಇದೆ. ಕಂಪ್ಯೂಟರ್ ಡಬ್ಬಿಯೊಳಗೆ ತಿರುಗುವ 12 ವೋಲ್ಟಿನ ಪುಟ್ಟ ಫ್ಯಾನುಗಳಲ್ಲಿ ಒಂದೋ ಎರಡೋ ತೆಗೆದು, ಮುಂಗಾಜಿನ ಬುಡದಲ್ಲಿ ಮೀಟರುಗಳ ಮೇಲೆ ಚಾಚಿರುವ ಹಲಗೆಯಲ್ಲಿ ರಂಧ್ರ ಕೊರೆದು ಕೂರಿಸುತ್ತಾರೆ. ಹಲಗೆಯ ಕೆಳಗೆ ರೇಡಿಯೊ, ಪರದೆಗಳು ಕೆಲಸ ಮಾಡುತ್ತಾ ಗಾಳಿಯನ್ನು ಬೆಚ್ಚಗೆ ಮಾಡಿರುತ್ತವೆ. ಫ್ಯಾನು ಆ ಗಾಳಿಯನ್ನು ಎಳೆದು ಗಾಜಿನ ಮೇಲೆ ಹಾಯಿಸುತ್ತದೆ. ಗಾಜು ತಿಳಿಯಾಗುತ್ತದೆ, ರೇಡಿಯೊ ತಣ್ಣಗಾಗುತ್ತದೆ, ಖರ್ಚಾಗುವ ವಿದ್ಯುತ್ತು ಕೆಲವೇ ವ್ಯಾಟ್. ಇಷ್ಟು ಸರಳ ಉಪಾಯ ನನಗೆ ಬಹಳ ಹಿಡಿಸಿತು.

ಆದರೂ ಒಂದು ತೊಡಕಿದೆ. ಫ್ಯಾನಿನ ಮೋಟಾರಿನಲ್ಲಿ ಆಯಸ್ಕಾಂತ ಇರುತ್ತದೆ, ದಿಕ್ಸೂಚಿಯೂ ಸಾಮಾನ್ಯವಾಗಿ ಅಲ್ಲೇ ಹತ್ತಿರ ಇರುತ್ತದೆ. ಅದಕ್ಕೆ ಫ್ಯಾನನ್ನು ಕಾಯಂ ಆಗಿ ಬಿಗಿಯುವ ಮೊದಲು ಅದನ್ನು ಅದೇ ಜಾಗದಲ್ಲಿಟ್ಟು, ಒಮ್ಮೆ ಹಚ್ಚಿ ಒಮ್ಮೆ ಆರಿಸಿ, ಮುಳ್ಳು ಅಲುಗುತ್ತದೆಯೇ ಎಂದು ನೋಡಬೇಕು.

ಫ್ಯಾನಿನ ಗಾಳಿ ಸಾಲದಷ್ಟು ಚಳಿಯಿರುವ ಊರುಗಳಲ್ಲಿ ಎಂಜಿನ್ನಿನ ಶಾಖವನ್ನೇ ತರಬೇಕಾಗುತ್ತದೆ. ಹೊಗೆ ಹೋಗುವ ಎಕ್ಸಾಸ್ಟ್ ಕೊಳವೆಯ ಸುತ್ತ ತಗಡಿನ ಹೊದಿಕೆ ಹಾಕಿ, ನಡುವೆ ಹೊರಗಿನ ಗಾಳಿ ಹಾಯಿಸಿ, ಕಾದ ಗಾಳಿಯನ್ನು ಕಾಕ್‌ಪಿಟ್ಟಿಗೆ ಬಿಡುತ್ತಾರೆ. ಅಪಾಯವೂ ಇಲ್ಲೇ ಇದೆ. ಒಳಗಿನ ಕೊಳವೆ ಸ್ವಲ್ಪ ಬಿರುಕುಬಿಟ್ಟರೂ ಬಿಸಿ ಗಾಳಿಯ ಜೊತೆ ಕಾರ್ಬನ್ ಮಾನಾಕ್ಸೈಡ್ ಒಳಗೆ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಪೈಲಟ್‌ಗೆ ಮೊದಲು ತಲೆನೋವು, ಮಂಪರು. ತನಗೆ ಏನಾಗುತ್ತಿದೆ ಎಂದು ಯೋಚಿಸುವ ಶಕ್ತಿಯೇ ಆಮೇಲೆ ಕುಗ್ಗುತ್ತದೆ. ಗಾಜು ತಿಳಿಯಾಗಿದ್ದು ಏನು ಪ್ರಯೋಜನ? ಎಕ್ಸಾಸ್ಟ್ ಬಿಸಿ ಬಳಸುವ ವಿಮಾನದಲ್ಲಿ ಈ ಅನಿಲ ಪತ್ತೆಹಚ್ಚಿ ಕೂಗುವ ಯಂತ್ರ ಇರಲೇಬೇಕು. ಕೊಳವೆಯನ್ನು ಹೊದಿಕೆ ಬಿಚ್ಚಿಯೇ ಪರೀಕ್ಷಿಸಬೇಕು, ಏಕೆಂದರೆ ಬಿರುಕು ಅಡಗಿರುವುದು ಅದರ ಒಳಗೆ.

ಬಿಸಿ ಅತಿಯಾದರೆ ಕ್ಯಾನೊಪಿಗೂ ಕೇಡು. ಉಷ್ಣತೆ 30 ಡಿಗ್ರಿ ಇಳಿದಾಗ ಒಂದು ಮೀಟರ್ ಉದ್ದದ ಅಕ್ರಿಲಿಕ್ ಸುಮಾರು 2 ಮಿಲಿಮೀಟರ್ ಕುಗ್ಗುತ್ತದೆ, ಅದನ್ನು ಹಿಡಿದಿರುವ ಅಲ್ಯೂಮಿನಿಯಂ ಸುಮಾರು 0.7 ಮಿಲಿಮೀಟರ್ ಮಾತ್ರ. ಈ ಎಳೆದಾಟಕ್ಕೆ ಎಡೆ ಕೊಡಲೆಂದೇ ಸ್ಕ್ರೂಗಳ ರಂಧ್ರಗಳನ್ನು ತುಸು ದೊಡ್ಡದಾಗಿ ಕೊರೆಯುತ್ತಾರೆ. ಹಾಗೆ ಬಿಗಿದುಕೊಂಡಿರುವ ತಣ್ಣನೆಯ ಹಾಳೆಯ ಒಂದೇ ಜಾಗಕ್ಕೆ ತೀರಾ ಬಿಸಿ ಗಾಳಿ ಊದಿದರೆ ಸೀಳು ಬಿಡಬಹುದು. ಹೊರಗೆ ಕಟ್ಟಿದ ಹಿಮಕ್ಕೆ ಕುದಿಯುವ ನೀರು ಸುರಿಯಬಾರದೆನ್ನುವುದೂ ಇದಕ್ಕೇ. ಅಮೋನಿಯ ಬೆರೆತ ಗಾಜು ಒರೆಸುವ ದ್ರಾವಣವೂ ಬೇಡ. ಅಕ್ರಿಲಿಕ್ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಮೂಡುತ್ತವೆ.

ಖರ್ಚೇ ಇಲ್ಲದ ಉಪಾಯ ಹೊರಗಿನ ಗಾಳಿ. ಮೈ ಕೊರೆಯುವ ಚಳಿಯಲ್ಲಿ ಕಿಂಡಿ ತೆರೆಯಿರಿ ಎಂದರೆ ವಿಚಿತ್ರವೆನಿಸಬಹುದು, ಆದರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಚಳಿ ಗಾಳಿಯಲ್ಲಿ ನೀರಾವಿ ತೀರಾ ಕಡಿಮೆ. ಅದು ಒಳಗೆ ಬಂದು ತುಸು ಬೆಚ್ಚಗಾದೊಡನೆ ಚೆನ್ನಾಗಿ ಒಣಗಿದ ಗಾಳಿಯಾಗಿ ಗಾಜಿನ ತೇವ ಹೀರುತ್ತದೆ. ನೆಲದ ಮೇಲೆ ಸಾಗುವಾಗ ಕ್ಯಾನೊಪಿಯನ್ನು ಸ್ವಲ್ಪ ತೆರೆದೇ ಇಟ್ಟುಕೊಳ್ಳುವವರಿದ್ದಾರೆ. ಹಾರುವ ಮೊದಲು ಅಗುಳಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದರಾಯಿತು.

ಹೆಚ್ಚು ಪೇಚಾಟ ಇಳಿಯುವಾಗ. ಮೇಲೆ ಹೋದಂತೆ ಪ್ರತಿ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿ ಉಷ್ಣತೆ ಇಳಿಯುತ್ತದೆ. ಅಲ್ಲಿ ಗಂಟೆಗಟ್ಟಲೆ ಹಾರಿದ ಕ್ಯಾನೊಪಿ ತಣ್ಣಗಾಗಿ, ಕೆಳಗಿನ ತೇವದ ಗಾಳಿಗೆ ಬಂದೊಡನೆ ಮಂಜು ಹಿಡಿಯುತ್ತದೆ. ಇಳಿಯಲೆಂದು ಎಂಜಿನ್ನಿನ ವೇಗ ತಗ್ಗಿಸಿದ್ದರಿಂದ ಎಕ್ಸಾಸ್ಟಿನ ಬಿಸಿಯೂ ಆಗಲೇ ಕಡಿಮೆಯಾಗಿರುತ್ತದೆ. ಅದಕ್ಕೇ ಇಳಿಯಲು ಶುರುಮಾಡುವ ಮೊದಲೇ, ಎಂಜಿನ್ ಇನ್ನೂ ಬಿಸಿಯಾಗಿರುವಾಗಲೇ ಫ್ಯಾನನ್ನೂ ಬಿಸಿ ಗಾಳಿಯನ್ನೂ ಹಚ್ಚಿಬಿಡುವುದು ಒಳ್ಳೆಯದು. ಫ್ಯಾನು ತಲುಪುವುದು ಮುಂಗಾಜಿಗೆ ಮಾತ್ರ. ಪಕ್ಕಕ್ಕೂ ತಲೆಯ ಮೇಲೂ ಒರೆಸಲು ಗೀರು ಬೀಳದ ಮೆತ್ತನೆಯ ಬಟ್ಟೆಯೊಂದು ಜೇಬಿನಲ್ಲಿರಬೇಕು, ಜೊತೆಗೆ ಬಂದವರಿದ್ದರೆ ಆ ಕೆಲಸ ಅವರಿಗೆ.